ಹಾರ ಹಾಕಿಸಿಕೊಂಡ ತಗಡಿನ ಕೋಳಿ

ಕುಂಬಾರ ಚೌಡಪ್ಪನ ಅಂಗಳದಲ್ಲಿ ಒಂದು ಉದ್ದನೆಯ ಬಿದಿರಿನ ಗಳ. ಅದರ ತುದಿಯಲ್ಲಿ ಒಂದು ತಗಡಿನ ಕೋಳಿ. ಗಾಳಿ ಎತ್ತಲಿಂದ ಬೀಸಿದರೆ ಅತ್ತ ಕೊಕ್ಕು ತಿರುಗಿಸುವುದಷ್ಟೇ ಅದರ ಕೆಲಸ. ಆ ಸೀಮೆಯಲ್ಲಿ ದಸರೆಯ ಹೊತ್ತಿಗೆ ಮೂಡಗಾಳಿ ಎದ್ದರೆ ಸಂಜೆಯೊಳಗೆ ಮಳೆ, ಪಡುವಣ ಗಾಳಿಯಾದರೆ ಬಿಸಿಲು. ಕೋಳಿ ಮೂಡಲಿಗೆ ತಿರುಗಿತೋ, ಚೌಡಪ್ಪ ಒಣಹಾಕಿದ ಹಸಿ ಮಡಕೆಗಳನ್ನೆಲ್ಲ ಒಳಗೆ ಸಾಗಿಸುತ್ತಿದ್ದ. ಸುಡದ ಮಡಕೆಯ ಮೇಲೆ ಮಳೆ ಬಿದ್ದರೆ ಮುಗಿಯಿತು, ಮತ್ತೆ ಮಣ್ಣೇ.

ಆ ವರ್ಷ ಕೋಳಿ ಮೂರು ಸಲ ಅವನ ಮಡಕೆ ಉಳಿಸಿತು. ಚೌಡಪ್ಪನಿಗೆ ಭಕ್ತಿ ಉಕ್ಕಿಬಂತು.

"ಇದು ತಗಡಲ್ಲ ಕಣೇ, ದೇವರು" ಎಂದ ಹೆಂಡತಿ ಪಾಪಕ್ಕನಿಗೆ.

"ತಗಡೇ. ನಮ್ಮಣ್ಣ ಹಳೇ ಎಣ್ಣೆ ಡಬ್ಬ ಕತ್ತರಿಸಿ ಮಾಡಿಕೊಟ್ಟಿದ್ದು" ಎಂದಳು ಪಾಪಕ್ಕ. ತವರಿನವರು ಕೊಟ್ಟಿದ್ದನ್ನು ಗಂಡ ಹೊಗಳಿದ್ದು ಮದುವೆಯಾದ ಮೇಲೆ ಅದೇ ಮೊದಲು. ಆದರೂ ನಿಜ ಹೇಳದೆ ಇರಲು ಅವಳಿಗೆ ಬರುತ್ತಿರಲಿಲ್ಲ.

ಆಯುಧಪೂಜೆ ಬಂತು. ಚೌಡಪ್ಪ ಮಡಕೆ ತಿರುಗಿಸುವ ತಿಗರಿಗೆ, ಮಣ್ಣು ಅಗೆಯುವ ಗುದ್ದಲಿಗೆ ಹೂವೇರಿಸಿದ. ಆಮೇಲೆ ಏಣಿ ಹತ್ತಿ ಕೋಳಿಯ ಮೈತುಂಬ ಗಂಧ ಮೆತ್ತಿದ, ಜುಟ್ಟಿಗೆ ಕುಂಕುಮ ಇಟ್ಟ. ದಪ್ಪನೆಯ ಚೆಂಡುಹೂವಿನ ಹಾರ ಹಾಕಿದ. ಹಾರ ಕೆಳಗೆ ಬಿದ್ದರೆ ಅಪಶಕುನವೆಂದು ಅದನ್ನು ಕೋಳಿಯ ಕತ್ತಿಗೂ ಗಳಕ್ಕೂ ಸೇರಿಸಿ ಬಾಳೆನಾರಿನಲ್ಲಿ ಬಿಗಿದ. ಕೋಳಿ ಪಡುವಣಕ್ಕೆ ಮುಖಮಾಡಿ ಅಲ್ಲಾಡದೆ ನಿಂತಿತು.

ಮರುದಿನ ಅಂಗಳದ ತುಂಬ ಹಣತೆಗಳು. ಊರಿನ ದೀಪಾವಳಿಗೆಲ್ಲ ಇವನದೇ ಹಣತೆ. ಹದಿನೈದು ದಿನದ ದುಡಿಮೆ, ಇದೊಂದು ದಿನ ಒಣಗಿದರೆ ನಾಳೆ ಸುಡಲು ಆವಿಗೆಗೆ.

"ಒಲೆ ಹೊಗೆ ಪಡುವಣಕ್ಕೆ ಓಡ್ತಿದೆ, ಅಂದ್ರೆ ಮೂಡಗಾಳಿ" ಎಂದಳು ಪಾಪಕ್ಕ. "ಒಳಗಿಡೋಣ ಬನ್ನಿ."

"ಕೋಳಿ ಪಡುವಣ ನೋಡ್ತಿದೆ. ನಿನ್ನ ಒಲೆ ಅದಕ್ಕಿಂತ ಹೆಚ್ಚೇನೇ?"

"ಅದನ್ನ ನೀವೇ ಕಟ್ಟಿಹಾಕಿದ್ದೀರಿ. ಹಾರನಾದ್ರೂ ಬಿಚ್ಚಿ."

"ಹಾಕಿದ ಹಾರ ಬಾಡೋಕೆ ಮುಂಚೆ ಬಿಚ್ಚಬಾರದು."

ಪಾಪಕ್ಕ ತನ್ನ ಕೈಲಾದಷ್ಟು ಹಣತೆ ಒಳಗೆ ಸಾಗಿಸಿದಳು. ನಾಲ್ಕು ಬುಟ್ಟಿ ಆಗಿತ್ತೋ ಇಲ್ಲವೋ, ಮಳೆ ಧೋ ಎಂದು ಸುರಿಯಿತು. ಚೌಡಪ್ಪ ಓಡಿಬರುವಷ್ಟರಲ್ಲಿ ಅಂಗಳವೆಲ್ಲ ಕೆಸರು. ಅದರ ನಡುವೆ ಕೂತು ಅವನು ಅತ್ತೇಬಿಟ್ಟ.

ಅಷ್ಟರಲ್ಲಿ ಗಂಧ ತೊಳೆದುಹೋಯಿತು, ನಾರು ಹರಿಯಿತು, ಹಾರ ಕಳಚಿ ಚೌಡಪ್ಪನ ತಲೆಯ ಮೇಲೆಯೇ ಬಿತ್ತು. ಕೋಳಿ ಕಿರ್ರೆಂದು ಮೂಡಲಿಗೆ ತಿರುಗಿತು.

"ನೋಡಿ, ನಿಮ್ಮ ದೇವರು ಈಗ ಹೇಳ್ತಿದೆ. ಮಳೆ ಬರುತ್ತಂತೆ" ಎಂದಳು ಪಾಪಕ್ಕ.

ಆ ದೀಪಾವಳಿಗೆ ಹಣತೆ ಕೊಡಲು ಗಂಡಹೆಂಡತಿ ನಿದ್ದೆಗೆಟ್ಟು ಅದೇ ಮಣ್ಣನ್ನು ಮತ್ತೆ ತುಳಿದರು. ಮುಂದಿನ ಆಯುಧಪೂಜೆಗೆ ಚೌಡಪ್ಪ ಏಣಿ ಹತ್ತಿದ್ದು ಹಾರ ಹಿಡಿದಲ್ಲ, ಎಣ್ಣೆಯ ಗಿಂಡಿ ಹಿಡಿದು. ಕೋಳಿ ತಿರುಗುವ ಮೊಳೆಗೆ ಎರಡು ಹನಿ ಬಿಟ್ಟು, ಬೆರಳಲ್ಲಿ ಒಂದು ಸುತ್ತು ತಿರುಗಿಸಿ ನೋಡಿ, ಕೈಮುಗಿದು ಇಳಿದ.

ನೀತಿ: ನಿಜ ಹೇಳುವವರಿಗೆ ಹಾರ ಹಾಕಿದರೆ ಸಾಲದು, ಅವರ ಕತ್ತು ತಿರುಗಲು ಬಿಡಬೇಕು. ಕಟ್ಟಿಹಾಕಿದ ಕೋಳಿ ನಮಗೆ ಬೇಕಾದ ದಿಕ್ಕನ್ನೇ ತೋರಿಸುತ್ತದೆ, ಮಳೆ ಮಾತ್ರ ಅದನ್ನು ಕೇಳಿಕೊಂಡು ಬರುವುದಿಲ್ಲ.