ಬೇಸಿಗೆಯ ನೀರು

“ಸಾರ್, ಗೊತ್ತಿಲ್ಲದ ಪ್ರಶ್ನೆಯನ್ನು ಯಾರಾದರೂ ಕೇಳಿಬಿಟ್ಟರೆ ಏನು ಹೇಳಿ ಪಾರಾಗಬೇಕು?” ಎಂದು ಶಿವಲೀಲಾ ಕೇಳಿದಳು.

ಮುಂದಿನ ಸೋಮವಾರ ಅವಳು ಮೊದಲ ಸಲ ಒಂದು ವಿಚಾರ ಸಂಕಿರಣದಲ್ಲಿ ಪ್ರಬಂಧ ಮಂಡಿಸುವವಳಿದ್ದಳು. ಗುರುಗಳಾದ ವಾಮದೇವಪ್ಪನವರ ಮುಂದೆ ಎರಡು ಸಲ ಓದಿ ತೋರಿಸಿದ್ದಳು. ಹನ್ನೆರಡು ನಿಮಿಷದೊಳಗೆ ಮುಗಿಸುವುದನ್ನು ಕಲಿತಿದ್ದಳು. ಈಗ ಉಳಿದಿದ್ದ ಭಯ ಇದೊಂದೇ. ಗುರುಗಳು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಉತ್ತರ ಹೇಳಲಿಲ್ಲ, ಒಂದು ಕತೆ ಹೇಳಿದರು.

ಒಬ್ಬ ಸಂಶೋಧಕನಿದ್ದ. ಚುರುಕು ಹುಡುಗ. ಕೆಟ್ಟವನಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೆಟ್ಟವನಾಗಿದ್ದರೆ ಈ ಕತೆ ಹೇಳುವುದು ನನಗೂ ಸುಲಭವಾಗುತ್ತಿತ್ತು. ಬಯಲುಸೀಮೆಯ ಒಂದು ಹಳ್ಳಿಯಲ್ಲಿ ಹೊಸದಾಗಿ ಬೋರ್‌ವೆಲ್ ಕೊರೆದಿದ್ದರು. ಅದರ ನೀರು ಕುಡಿಯಲು ಯೋಗ್ಯವೇ ಅಲ್ಲವೇ ಎಂಬುದು ಅವನ ವಿಷಯ. ಜುಲೈಯಿಂದ ನವೆಂಬರ್‌ವರೆಗೆ ತಿಂಗಳು ತಿಂಗಳೂ ಹೋಗಿ ನೀರು ತಂದು ಪರೀಕ್ಷಿಸಿದ. ನೀರು ಚೆನ್ನಾಗಿತ್ತು. ಪರೀಕ್ಷೆಯಲ್ಲಿ ಮೋಸವಿರಲಿಲ್ಲ, ಅಂಕಿಗಳಲ್ಲಿ ತಪ್ಪಿರಲಿಲ್ಲ. ಕಂಡದ್ದನ್ನು ಕಂಡ ಹಾಗೆಯೇ ಬರೆದ.

ಬರೆದರೆ ಸಾಕೇ? ಸಭೆಯಲ್ಲಿ ಮಂಡಿಸಬೇಕು. ಅದಕ್ಕಾಗಿ ಹದಿನೈದು ದಿನ ತಯಾರಿ ನಡೆಯಿತು. ಮೈಕಿಗೆ ಬಾಯಿ ಎಷ್ಟು ದೂರವಿರಬೇಕು, ಕೈಯನ್ನು ಎಲ್ಲಿಟ್ಟುಕೊಳ್ಳಬೇಕು, ಅಧ್ಯಕ್ಷರು ಗಂಟೆ ಒತ್ತುವ ಮೊದಲೇ ಯಾವ ಸಾಲಿಗೆ ಬಂದಿರಬೇಕು, ಎಲ್ಲವನ್ನೂ ಕಲಿತ. ಚಹಾದ ಹೊತ್ತಿನಲ್ಲಿ ಗೆಳೆಯರ ಜೊತೆ ಗುಂಪುಕಟ್ಟಿ ನಿಂತು ಬೋಂಡ ತಿನ್ನಬಾರದು, ದೊಡ್ಡವರನ್ನು ಹುಡುಕಿ ಹೋಗಬೇಕು, ಮೊದಲು ಅವರ ಕೆಲಸವನ್ನು ಹೊಗಳಿ ಆಮೇಲೆ ತನ್ನ ಹೆಸರು ಹೇಳಬೇಕು ಎಂಬುದನ್ನೂ ಕಲಿತ. ಕೊನೆಗೆ ಒಂದು ಮಾತು ಕಲಿತ. ಉತ್ತರ ತಿಳಿಯದ ಪ್ರಶ್ನೆ ಬಂದರೆ ತಡವರಿಸಬಾರದು. ನಗುಮುಖದಿಂದ, “ಒಳ್ಳೆಯ ಪ್ರಶ್ನೆ. ಆದರೆ ಅದು ನನ್ನ ಅಧ್ಯಯನದ ವ್ಯಾಪ್ತಿಗೆ ಬರುವುದಿಲ್ಲ” ಎನ್ನಬೇಕು. ನಮ್ಮಲ್ಲಿ ಈ ಮಾತು ಕೇಳಿ ಸುಮ್ಮನಾಗದವರನ್ನು ನಾನು ಇದುವರೆಗೆ ನೋಡಿಲ್ಲ.

ಸಂಕಿರಣ ಜೂನ್ ತಿಂಗಳಲ್ಲಿ ನಡೆಯಿತು. ಹುಡುಗ ಅಚ್ಚುಕಟ್ಟಾಗಿ ಮಾತಾಡಿದ. ಮುಂದಿನ ಸಾಲಿನಲ್ಲಿ ಕುಡಿಯುವ ನೀರಿನ ಯೋಜನೆಯ ದೊಡ್ಡ ಅಧಿಕಾರಿಯೊಬ್ಬರು ಕೂತಿದ್ದರು. ಅವರು ತಲೆಯಾಡಿಸುತ್ತ ಕೇಳಿದರು. ಹುಡುಗನಿಗೆ ಆ ತಲೆಯ ಹೊರತು ಸಭೆಯಲ್ಲಿ ಬೇರೇನೂ ಕಾಣಲಿಲ್ಲ.

ಪ್ರಶ್ನೆಗಳಿದ್ದರೆ ಕೇಳಬಹುದು ಎಂದು ಅಧ್ಯಕ್ಷರು ಹೇಳಿದಾಗ ಹಿಂದಿನ ಸಾಲಿನಿಂದ ಒಬ್ಬರು ಎದ್ದರು. ಅದೇ ಹಳ್ಳಿಯ ಶಾಲೆಯ ಮೇಷ್ಟ್ರು. ಪತ್ರಿಕೆಯಲ್ಲಿ ತಮ್ಮ ಊರಿನ ಹೆಸರು ನೋಡಿ, ರಜೆ ಹಾಕಿ, ಎರಡು ಬಸ್ಸು ಬದಲಿಸಿ ಬಂದಿದ್ದರು. ಅವರ ಕೈಚೀಲದಲ್ಲಿ ಮೂರು ಬಾಟಲಿ ನೀರಿತ್ತು. ಒಂದೊಂದರ ಕತ್ತಿಗೂ ಚೀಟಿ ಕಟ್ಟಿ ಮಾರ್ಚ್, ಏಪ್ರಿಲ್, ಮೇ ಎಂದು ಬರೆದಿದ್ದರು.

“ಸಾರ್, ಬೇಸ್ಗೇಲಿ ಈ ನೀರು ನೋಡಿದ್ರಾ? ಮಳೆಗಾಲದ ನೀರೇ ಬೇರೆ, ಏಪ್ರಿಲ್ ತಿಂಗಳ ನೀರೇ ಬೇರೆ. ಪಕ್ಕದೂರಲ್ಲಿ ಇಂಥದ್ದೇ ಬೋರ್ ನೀರು ಕುಡ್ದು ಹುಡುಗ್ರ ಹಲ್ಲೆಲ್ಲ ಹಳದಿಯಾಗಿದೆ. ಅದಕ್ಕೇ ಕೇಳ್ತಿದೀನಿ” ಎಂದರು.

ಹುಡುಗ ನಕ್ಕ. ಕಲಿತ ಮಾತನ್ನು ಕಲಿತ ಹಾಗೆಯೇ ಹೇಳಿದ. ಮೇಷ್ಟ್ರು, “ಆಯ್ತು ಸಾರ್” ಎಂದು ಕೂತುಬಿಟ್ಟರು. ಸಭೆ ಚಪ್ಪಾಳೆ ತಟ್ಟಿತು.

ಚಹಾದ ಹೊತ್ತಿನಲ್ಲಿ ಮೇಷ್ಟ್ರು ಹುಡುಗನ ಹತ್ತಿರ ಮೂರು ಸಲ ಬಂದು ನಿಂತರು. ಹುಡುಗ ನೋಡದೆ ಇರಲಿಲ್ಲ, ನೋಡಿದ. ಆದರೆ ಆಗ ಅವನು ಆ ಅಧಿಕಾರಿಯ ಜೊತೆ ಮಾತಾಡುತ್ತಿದ್ದ. ಇದೊಂದು ಮಾತು ಮುಗಿಯಲಿ, ಆಮೇಲೆ ಹೋಗಿ ವಿಚಾರಿಸೋಣ ಎಂದುಕೊಂಡ. ಅಂಥ ಮಾತು ಬೇಗ ಮುಗಿಯುತ್ತದೆಯೇ? ಮೇಷ್ಟ್ರಿಗೆ ನಾಲ್ಕೂವರೆಯ ಬಸ್ಸು ತಪ್ಪಿದರೆ ಊರು ಸೇರಲು ಬೇರೆ ದಾರಿಯಿರಲಿಲ್ಲ. ಊಟದ ಕೂಪನ್ ಕೊಡುವ ಮೇಜಿನ ಮೇಲೆ ಬಾಟಲಿಗಳನ್ನಿಟ್ಟು, ನೀರಿನ ಪ್ರಬಂಧ ಓದಿದವರಿಗೆ ತಲುಪಿಸಿ ಎಂದು ಅಲ್ಲಿದ್ದವರಿಗೆ ಹೇಳಿ ಹೋದರು. ಸಂಜೆ ಗುಡಿಸಲು ಬಂದ ಹೆಂಗಸು ನೀರನ್ನು ಹೂವಿನ ಕುಂಡಕ್ಕೆ ಸುರಿದು, ಬಾಟಲಿಗಳನ್ನು ಮನೆಗೆ ಒಯ್ದಳು. ಅವಳದ್ದೇನೂ ತಪ್ಪಿಲ್ಲ.

ಇತ್ತ ಹುಡುಗನ ಪರಿಚಯ ಫಲ ಕೊಟ್ಟಿತು. ಅಧಿಕಾರಿ ಪ್ರಬಂಧದ ಒಂದು ಪ್ರತಿ ತರಿಸಿಕೊಂಡರು. ಅದನ್ನು ಫೈಲಿಗೆ ಸೇರಿಸಿ ಬೋರ್‌ವೆಲ್ಲಿನಿಂದ ಮನೆಮನೆಗೆ ನಲ್ಲಿ ಹಾಕಿಸಿದರು. ಊರಿನ ಸೇದುವ ಬಾವಿಯ ನೀರು ಸ್ವಲ್ಪ ಮಣ್ಣುಮಣ್ಣಾಗಿತ್ತು, ಆದರೆ ಯಾರಿಗೂ ಕೇಡು ಮಾಡಿರಲಿಲ್ಲ. ಇನ್ನು ಅದು ಯಾಕೆ ಎಂದು ಚಪ್ಪಡಿ ಹಾಕಿ ಮುಚ್ಚಿಸಿದರು. ಹುಡುಗನಿಗೆ ಕೆಲಸ ಸಿಕ್ಕಿತು. ಹೆಸರು ಬಂತು. ಹೊಸ ಹುಡುಗರಿಗೆ ಸಭೆಯಲ್ಲಿ ಹೇಗೆ ಮಾತಾಡಬೇಕೆಂದು ಕಲಿಸಲು ಅವನನ್ನೇ ಊರೂರಿಗೆ ಕರೆಯತೊಡಗಿದರು.

ಒಂಬತ್ತು ವರ್ಷ ಕಳೆಯಿತು. ಯಾವುದೋ ಕೆಲಸಕ್ಕೆ ಹೋದವನು ದಾರಿಯಲ್ಲಿ ಆ ಹಳ್ಳಿ ಸಿಕ್ಕಿತೆಂದು ಇಳಿದ. ತಾನು ಮಾಡಿದ ಒಳ್ಳೆಯ ಕೆಲಸವನ್ನು ಕಣ್ಣಾರೆ ನೋಡುವ ಆಸೆ ಯಾರಿಗಿರುವುದಿಲ್ಲ? ಶಾಲೆ ಬಿಡುವ ಹೊತ್ತು. ಮಕ್ಕಳು ಹೊರಗೆ ಬಂದರು. ಓಡಿ ಬರಲಿಲ್ಲ. ಕೆಲವರ ಕಾಲು ಮಂಡಿಯಲ್ಲಿ ಒಳಕ್ಕೆ ಬಾಗಿತ್ತು, ಕೆಲವರದು ಹೊರಕ್ಕೆ. ಒಬ್ಬಳು ಹುಡುಗಿ ಕಟ್ಟೆಯ ಮೇಲೆ ಕೂರಲು ಹೋಗಿ, ಕಾಲು ಮಡಿಸಲಾಗದೆ ಗೋಡೆಗೆ ಒರಗಿ ನಿಂತಳು. ಪ್ರತಿ ಬೇಸಿಗೆಯಲ್ಲೂ ಬೋರ್‌ವೆಲ್ಲಿನ ನೀರು ಆಳಕ್ಕಿಳಿದಾಗ ಅದರಲ್ಲಿ ಹಲ್ಲು ಮೂಳೆ ಕೆಡಿಸುವ ಫ್ಲೋರೈಡ್ ಹೆಚ್ಚುತ್ತಿತ್ತು. ಊರಿಗೆ ಊರೇ ಅದನ್ನು ಕುಡಿದಿತ್ತು. ಅವನಿಗೆ ಯಾರೂ ಇದನ್ನು ವಿವರಿಸಬೇಕಾಗಿರಲಿಲ್ಲ. ಅವನು ಓದಿದ್ದೇ ಅದನ್ನು.

ಮೇಷ್ಟ್ರ ಮನೆ ಕೇಳಿಕೊಂಡು ಹೋದ. ಅವರು ನಿವೃತ್ತರಾಗಿ ಜಗಲಿಯ ಮೇಲೆ ಕೂತಿದ್ದರು. ಬೆನ್ನು ಮರದ ಹಲಗೆಯ ಹಾಗೆ ಸೆಟೆದಿತ್ತು. ಕತ್ತು ತಿರುಗುತ್ತಿರಲಿಲ್ಲ. ಗುರುತು ಮಾತ್ರ ತಕ್ಷಣ ಹಿಡಿದರು.

“ಎದ್ದು ನಿಲ್ಲೋಕಾಗಲ್ಲ ಸಾರ್, ತಪ್ಪು ತಿಳ್ಕೋಬೇಡಿ. ಅವತ್ತು ಎಷ್ಟು ಚೆನ್ನಾಗಿ ಮಾತಾಡಿದ್ರಿ! ಮನೆಗೆ ಬಂದು ಇವಳಿಗೂ ಅದನ್ನೇ ಹೇಳ್ದೆ” ಎಂದು ಹೆಂಡತಿಯ ಕಡೆ ಕೈ ತೋರಿಸಿದರು. ಆ ಮಾತಿನಲ್ಲಿ ಕೊಂಕು ಇರಲಿಲ್ಲ. ಕೊಂಕಿದ್ದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ.

ಮೇಷ್ಟ್ರ ಹೆಂಡತಿ ಒಂದು ಲೋಟ ನೀರು ತಂದು ಅವನ ಮುಂದಿಟ್ಟರು. ಬಂದವರಿಗೆ ಮೊದಲು ನೀರು ಕೊಡುವುದು ನಮ್ಮ ಪದ್ಧತಿ. ಆ ಮನೆಯಲ್ಲಿ ಬೇರೆ ನೀರೂ ಇರಲಿಲ್ಲ. ಅವನು ಕುಡಿಯಲಿಲ್ಲ, ಬೇಡವೆಂದೂ ಹೇಳಲಿಲ್ಲ. ಅವತ್ತಿನಿಂದ ಅವನು ಯಾವ ಸಭೆಗೂ ಹೋಗಿಲ್ಲ. ಆ ನೀರನ್ನು ನಿಲ್ಲಿಸಿ ಎಂದು ಕಚೇರಿಯಿಂದ ಕಚೇರಿಗೆ ಅರ್ಜಿ ಹಿಡಿದು ತಿರುಗುತ್ತಾನೆ. ಹೋದಲ್ಲೆಲ್ಲ ಅವನ ಪ್ರಬಂಧವನ್ನೇ ತೆಗೆದು ಅವನಿಗೆ ತೋರಿಸುತ್ತಾರೆ. ನೀರು ಇನ್ನೂ ಬರುತ್ತಿದೆ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಯಾರ ಮೇಲೆ ಸಿಟ್ಟಾಗಬೇಕೆಂದೇ ಶಿವಲೀಲಾಳಿಗೆ ತಿಳಿಯಲಿಲ್ಲ.

“ಅಷ್ಟು ಚುರುಕಾದ ಹುಡುಗನಿಗೆ ಬುದ್ಧಿ ಹೇಳುವ ಗುರುಗಳು ಒಬ್ಬರೂ ಇರಲಿಲ್ಲವೇ ಸಾರ್?” ಎಂದು ಕೇಳಿದಳು.

“ಇದ್ದೆನಲ್ಲಮ್ಮ, ವ್ಯಾಪ್ತಿಯ ಆ ಮಾತನ್ನು ಅವನಿಗೆ ಬಾಯಿಪಾಠ ಮಾಡಿಸಿದವನು ನಾನೇ.”