ಬಾಟಲಿಯ ತಳದ ಮಡ್ಡಿ

ಸಮುದ್ರಕ್ಕೆ ಹತ್ತಿರದ ಒಂದು ಊರಿನಲ್ಲಿ ಪಾಸ್ಕಲ್ ಮತ್ತು ಲಾದ್ರು ಎಂಬ ಇಬ್ಬರು ಗೆಳೆಯರಿದ್ದರು. ಪಾಸ್ಕಲ್ ಹಡಗಿನಲ್ಲಿ ದುಡಿದು ಬಂದವನು, ಮದುವೆಯಾಗಿರಲಿಲ್ಲ. ಲಾದ್ರು ಬೇಕರಿಯವನು. ಇಬ್ಬರಿಗೂ ಮನೆಯಲ್ಲೇ ಬಿಯರ್ ಮಾಡುವ ಹವ್ಯಾಸ.

ಬಿಯರಿನ ಕಥೆಯಲ್ಲಿ ದೇವರಿಗೆ ಏನು ಕೆಲಸ ಎಂದು ಕೇಳಬೇಡಿ. ಅವನಿಗೆ ಎಲ್ಲ ಕಡೆಯೂ ಕೆಲಸವಿದೆ.

ಒಂದು ತಿಂಗಳು ರಾಗಿಯ ಬಿಯರ್, ಇನ್ನೊಂದು ತಿಂಗಳು ಪುನರ್ಪುಳಿ ಹಣ್ಣಿನದು, ಮತ್ತೊಮ್ಮೆ ಶುಂಠಿಯದು. ಹೊಸದು ಸಿದ್ಧವಾದ ಶನಿವಾರ ಸಂಜೆ ಜಗಲಿಯಲ್ಲಿ ಎರಡು ಗ್ಲಾಸು ಇಟ್ಟು, ಶಿಲುಬೆಯ ಗುರುತು ಮಾಡಿ, ಒಂದೊಂದು ಗುಟುಕು ಕುಡಿಯುವರು.

"ಹೇಗುಂಟು?"

"ಕಳೆದ ಸಲ ಕೆಮ್ಮಿನ ಮದ್ದು. ಈ ಸಲ ಜ್ವರದ ಮದ್ದು," ಎನ್ನುವನು ಲಾದ್ರು. ಇಬ್ಬರೂ ನಗುವರು.

ಬಾಟಲಿಯ ತಳದಲ್ಲಿ ಬೆಳ್ಳಗೆ ಒಂದಿಷ್ಟು ಮಡ್ಡಿ ನಿಲ್ಲುತ್ತದೆ. ಬಿಯರನ್ನು ಹುದುಗಿಸುವ ಜೀವ ಅದರಲ್ಲಿಯೇ ಇರುವುದು. ಲಾದ್ರು ಅದನ್ನು ಎಂದೂ ಚೆಲ್ಲುತ್ತಿರಲಿಲ್ಲ. ಹಳೆಯ ಮಡ್ಡಿಯಿಂದ ಹೊಸ ಬಿಯರ್, ಅದರ ಮಡ್ಡಿಯಿಂದ ಮುಂದಿನದು. ಹೀಗೆ ಹದಿನಾಲ್ಕು ವರ್ಷ. ಅದಕ್ಕೆ ಮಾಗಿದ ಬಾಳೆಹಣ್ಣಿನ ಪರಿಮಳ, ಹಿಂದೆಯೇ ತುಸು ಲವಂಗ. ಬೇರೆ ಯಾವ ಬಿಯರಿನಲ್ಲೂ ಪಾಸ್ಕಲ್‌ಗೆ ಆ ಪರಿಮಳ ಸಿಕ್ಕಿರಲಿಲ್ಲ.

"ಇದು ಜೀವ ಇರುವ ವಸ್ತು ಮಾರಾಯ. ತಿನ್ಲಿಕ್ಕೆ ಕೊಡ್ಬೇಕು, ಕೆಲಸ ಕೊಡ್ಬೇಕು," ಎನ್ನುತ್ತಿದ್ದ ಲಾದ್ರು.

ಒಂದು ದಿನ ದೇವರು ಲಾದ್ರುವನ್ನು ಕರೆದುಕೊಂಡ.

ಪಾಸ್ಕಲ್ ಒಂಟಿಯಾದ. ಗೆಳೆಯನ ಕೈಯದ್ದೆಂದು ಉಳಿದದ್ದು ಒಂದು ಗಾಜಿನ ಭರಣಿಯ ತುಂಬ ಆ ಮಡ್ಡಿ ಮಾತ್ರ. ಅದರಿಂದ ರಾಗಿಯ ಬಿಯರ್ ಮಾಡಿದ. ಶನಿವಾರ ಎರಡು ಗ್ಲಾಸು ತುಂಬಿಸಿದ. ಒಂದನ್ನು ಕುಡಿದ. ಇನ್ನೊಂದರ ನೊರೆ ಮೆಲ್ಲಗೆ ಇಳಿಯುವುದನ್ನು ನೋಡುತ್ತ ಕೂತ. ಕತ್ತಲಾದ ಮೇಲೆ ಅದನ್ನು ಕರಿಬೇವಿನ ಬುಡಕ್ಕೆ ಸುರಿದ. ಮುಂದಿನ ಶನಿವಾರವೂ ಹಾಗೆಯೇ.

ಪಕ್ಕದ ಮನೆಯಲ್ಲಿ ಸೆವ್ರಿನ್ ಬಾಯಿ ಎಂಬ ಹೆಂಗಸು, ಊರಿಗೆಲ್ಲ ಗೌರವದ 'ಬಾಯಿ'. ಅವರ ಮನೆಯಲ್ಲಿ ಭಾನುವಾರವೆಂದರೆ ಸಾನ್ನ. ಅಕ್ಕಿ ಹಿಟ್ಟನ್ನು ಕಳ್ಳು ಹಾಕಿ ಹುದುಗಿಸಿ, ಇಡ್ಲಿಯಂತೆ ಬೇಯಿಸುವ ತಿಂಡಿ ಅದು. ಕಳ್ಳು ಇಳಿಸುವವನು ಮೊಣಕಾಲು ನೋವೆಂದು ಮರ ಹತ್ತುವುದು ಬಿಟ್ಟಿದ್ದ. ಬಾಯಿ ಬೇಲಿಯ ಬಳಿ ಬಂದು ಕರೆದರು.

"ಪಾಸ್ಕಲ್, ನಿಮ್ಮ ಆ ಬಿಯರಿನ ಮಡ್ಡಿ ಉಂಟಲ್ಲ, ಒಂದು ಚಮಚ ಕೊಡಿ. ಹಿಟ್ಟು ಉಬ್ಬುದೇ ಇಲ್ಲ. ನನ್ನ ಸಾನ್ನ ಎಸೆದ್ರೆ ಕಾಗೆ ಸಾಯ್ತದೆ."

ಪಾಸ್ಕಲ್‌ನ ಮುಖ ಬಿಗಿಯಾಯಿತು. "ಅದು ಕೊಡುವ ವಸ್ತು ಅಲ್ಲ ಬಾಯಿ. ಅದು ಲಾದ್ರುವಿನದ್ದು."

"ಹೆಪ್ಪು ಕೊಟ್ರೆ ಯಾರ ಮನೆಯ ಮೊಸರು ಕಡಿಮೆಯಾಗಿದೆ?"

ಅವನು ಒಳಗೆ ಹೋಗಿಬಿಟ್ಟ. ಆದರೆ ಮನಸ್ಸು ಚುಚ್ಚಿತು. ಸಂಜೆ ರಾಗಿ ಬಿಯರಿನ ಒಂದು ಬಾಟಲಿಯನ್ನು ಅವರ ಮೆಟ್ಟಿಲ ಮೇಲೆ ಇಟ್ಟು ಬಂದ. ಬಾಟಲಿ ತೊಳೆದು ವಾಪಸು ಬಂತು. ಅಲ್ಲಿಗೆ ಅದು ಮುಗಿಯಿತೆಂದು ಮರೆತೂಬಿಟ್ಟ.

ಅಂದಿನಿಂದ ಅವನಿಗೊಂದು ಹೆದರಿಕೆ ಹಿಡಿಯಿತು. ಭರಣಿ ಕೈಜಾರಿದರೆ? ಹೊಸ ಬಿಯರ್ ಕೆಟ್ಟು ಮಡ್ಡಿಯೂ ಕೆಟ್ಟರೆ? ಬಿಯರ್ ಮಾಡುವುದನ್ನೇ ನಿಲ್ಲಿಸಿದ. ಭರಣಿಯ ಮುಚ್ಚಳ ಬಿಗಿ ಮಾಡಿ ಫ್ರಿಜ್ಜಿನ ಹಿಂದಿನ ಮೂಲೆಯಲ್ಲಿ ಇಟ್ಟ. ದಿನವೂ ಬಾಗಿಲು ತೆರೆದು ಅದನ್ನು ನೋಡುವನು, ಮುಚ್ಚುವನು. ಯಾರಾದರೂ ಕರೆದರೆ ತಲೆನೋವೆನ್ನುವನು. ಜಗಲಿಯಲ್ಲಿ ಗ್ಲಾಸುಗಳೂ ಇಲ್ಲ, ಮಾತೂ ಇಲ್ಲ. ಎಂಟು ತಿಂಗಳು ಕಳೆಯಿತು.

ಲಾದ್ರು ತೀರಿಕೊಂಡು ವರ್ಷ ತುಂಬುವ ದಿನ, ಅವನ ವರ್ಷದ ಪೂಜೆ, ಹತ್ತಿರ ಬಂತು. ಅವನ ಹೆಸರಿನಲ್ಲಿ ಒಂದು ಬಿಯರ್ ಮಾಡಲೇಬೇಕೆಂದು ಪಾಸ್ಕಲ್ ಭರಣಿ ತೆರೆದ. ಗಪ್ಪೆಂದು ಕೊಳೆತ ವಾಸನೆ ಬಂತು. ಮಡ್ಡಿ ಕಂದುಗಟ್ಟಿತ್ತು. ಆದರೂ ಬಿಡದೆ ಬೆಚ್ಚಗಿನ ಬಾರ್ಲಿ ನೀರಿಗೆ ಒಂದು ಚಮಚ ಹಾಕಿ, ಮುಂದೆ ಮೊಣಕಾಲೂರಿ ಕೂತ.

"ದೇವರೇ, ಒಂದೇ ಒಂದು ಗುಳ್ಳೆ ಸಾಕು."

ಎರಡು ದಿನ ಕಾದ. ಒಂದು ಗುಳ್ಳೆಯೂ ಏಳಲಿಲ್ಲ. ಲಾದ್ರು ಎರಡನೇ ಸಲ ಸತ್ತಂತಾಯಿತು. ಈ ಸಲ ಅವನನ್ನು ಹಸಿವಿನಿಂದ ಕೊಂದವನು ತಾನೇ ಎಂದು ಪಾಸ್ಕಲ್ ಅತ್ತ.

ಮರುದಿನ ಭಾನುವಾರ. ಪಾಸ್ಕಲ್ ಇಗರ್ಜಿಗೆ ಬಾರದ್ದನ್ನು ನೋಡಿ ಸೆವ್ರಿನ್ ಬಾಯಿ ತಟ್ಟೆ ಹಿಡಿದು ಬಂದರು.

"ಎಂತ, ಹುಷಾರಿಲ್ವಾ? ತಿನ್ನಿ, ಬಿಸಿ ಉಂಟು."

ಬೇಡವೆನ್ನಲು ಶಕ್ತಿಯಿಲ್ಲದೆ ಅವನು ಒಂದು ಸಾನ್ನ ಮುರಿದ. ಒಳಗೆಲ್ಲ ಗುಳ್ಳೆಯ ತೂತುಗಳು, ಎಣಿಸಲು ಆಗದಷ್ಟು. ತುಟಿಯ ಹತ್ತಿರ ತಂದವನು ಅಲ್ಲಿಗೇ ತಡೆದ. ಮಾಗಿದ ಬಾಳೆಹಣ್ಣು. ಹಿಂದೆಯೇ ತುಸು ಲವಂಗ.

"ಬಾಯಿ, ಇದಕ್ಕೆ ಎಂತ ಹಾಕಿದ್ದು?"

"ಬೈಬೇಡಿ ಆಯ್ತಾ? ಆವತ್ತು ಬಾಟಲಿ ಇಟ್ಟು ಹೋದ್ರಲ್ಲ. ಬಿಯರ್ ಅಳಿಯ ಕುಡಿದ. ತಳದ ಮಡ್ಡಿ ನಾನು ಇಟ್ಟುಕೊಂಡೆ. ವಾರ ವಾರ ಬೆಲ್ಲದ ನೀರು ಹಾಕ್ತೇನೆ, ಅದು ಬೆಳೀತದೆ. ಕೇಳಿದವರಿಗೆಲ್ಲ ಕೊಟ್ಟೆ. ಈಗ ಒಂಬತ್ತು ಮನೆಯಲ್ಲಿ ಉಂಟು."

ಪಾಸ್ಕಲ್ ಸಾನ್ನವನ್ನು ತಟ್ಟೆಯಲ್ಲಿಟ್ಟು, "ನನಗೆ ಒಂದು ಚಮಚ ಕೊಡ್ತೀರಾ?" ಎಂದ. ತಾನು ಆ ದಿನ ಏನು ಹೇಳಿದ್ದೆನೆಂದು ನೆನಪಾಗಿ ತಲೆ ತಗ್ಗಿಸಿದ.

"ಚಮಚ ಎಂತದ್ದು? ಲೋಟ ತನ್ನಿ," ಎಂದರು ಬಾಯಿ.

ವರ್ಷದ ಪೂಜೆಯ ಸಂಜೆ ಪಾಸ್ಕಲ್ ಬಾಯಿಯನ್ನು ಜಗಲಿಗೆ ಕರೆದ. ಎರಡು ಗ್ಲಾಸು ತುಂಬಿಸಿದ. ಎದುರಿನ ಕುರ್ಚಿ ಲಾದ್ರುವಿನದ್ದೆಂದು ಬಾಯಿಗೆ ಗೊತ್ತಿತ್ತು. ಅವರು ಅದರಲ್ಲಿ ಕೂರಲಿಲ್ಲ, ಮೆಟ್ಟಿಲ ಮೇಲೆ ಕೂತರು. ನೊರೆ ಇಳಿಯುತ್ತಿರುವುದನ್ನು ನೋಡಿ, ಶಿಲುಬೆಯ ಗುರುತು ಮಾಡಿ, ಎರಡನೇ ಗ್ಲಾಸು ಎತ್ತಿ ಒಂದು ಗುಟುಕು ಕುಡಿದರು. ಮುಖ ಹಿಂಡಿ ಹೋಯಿತು.

"ಅಯ್ಯೋ ದೇವರೇ! ಇದನ್ನು ಕುಡಿಯಲಿಕ್ಕೆ ನೀವಿಬ್ಬರು ತಿಂಗಳಿಡೀ ಕಾಯ್ತಿದ್ದದ್ದಾ?"

ಒಂದು ವರ್ಷದ ಮೇಲೆ ಪಾಸ್ಕಲ್ ನಕ್ಕ. ನಗುತ್ತ ಖಾಲಿ ಕುರ್ಚಿಯ ಕಡೆ ನೋಡಿದ, ಕಣ್ಣು ತುಂಬಿತು. ಕುರ್ಚಿ ಖಾಲಿಯೇ ಇತ್ತು. ಅದನ್ನು ಯಾರೂ ತುಂಬಲಾರರು. ಆದರೆ ಬಾಯಿ ಹಟ ಹಿಡಿದು ಗ್ಲಾಸು ಮುಗಿಸಿದರು. ಆ ಸಂಜೆ ಕರಿಬೇವಿನ ಬುಡಕ್ಕೆ ಏನೂ ಬೀಳಲಿಲ್ಲ.

ನೀತಿ: ದೇವರು ಕೊಟ್ಟ ಪ್ರೀತಿಗೆ ಜೀವವಿದೆ. ಕಳೆದುಹೋದೀತೆಂದು ಮುಚ್ಚಿಟ್ಟರೆ ಅದು ಒಳಗೇ ಹಸಿದು ಸಾಯುತ್ತದೆ. ಹಂಚಿದ ಪಾಲು, ನಾವು ಮರೆತು ಕೊಟ್ಟದ್ದೇ ಆದರೂ, ನೆರೆಮನೆಯಲ್ಲಿ ನಮಗಾಗಿ ಬದುಕಿರುತ್ತದೆ.