ಮುಚ್ಚಬಾರದ ಕಿಟಕಿ

ಒಂದಾನೊಂದು ಕಾಲದಲ್ಲಿ, ನಮ್ಮಜ್ಜಿಯ ಅಜ್ಜಿಯೂ ಇನ್ನೂ ಹುಟ್ಟದೇ ಇದ್ದ ಕಾಲ ಅನ್ಕೋ, ಇಟಲಿ ದೇಶದ ಸಮುದ್ರದ ದಂಡೇಲಿ ಪೋರ್ತೊಲೂಮೆ ಅಂತ ಒಂದು ಊರಿತ್ತಂತೆ. ನಗಬೇಡ ಕಣೆ, ಅವರ ಬಾಯಿಗೆ ನಮ್ಮೂರ ಹೆಸರೂ ಹಂಗೇ ಇರುತ್ತೆ. ಬೆನ್ನಿಗೆ ಗುಡ್ಡ, ಎದುರಿಗೆ ನೀರು, ನಡುವೆ ಮನೆಗಳು, ಒಂದು ಅರಿಸಿನ, ಒಂದು ಕೆಂಪು, ಒಂದು ನೀಲಿ. ಮೀನು ಹಿಡಿಯೋಕೆ ಹೋದ ಗಂಡಸರು ದೂರದಿಂದಲೇ ಅಗೋ ನಮ್ಮನೆ ಅಂತ ಗುರುತು ಹಿಡೀಬೇಕಲ್ಲ, ಅದಕ್ಕೆ. ಆ ಊರಲ್ಲಿ ಒಂದು ಪದ್ಧತಿ. ಗಂಡಸು ನೀರಿನ ಮೇಲಿರೋ ತನಕ ಸಮುದ್ರದ ಕಡೆ ಕಿಟಕಿ ಮುಚ್ಚೋ ಹಂಗಿಲ್ಲ. ಮುಚ್ಚಿದ್ರೆ ಆ ಮನೆ ಗಂಡಸು ಸತ್ತ ಅಂತ ಅರ್ಥ. ನಮ್ಮಲ್ಲಿ ಗಂಡ ಬದುಕಿರೋವಾಗ ಕುಂಕುಮ ಅಳಿಸ್ಕೊಳ್ತಾರೇನೆ? ಹಂಗೆ.

ಅರಿಸಿನ ಬಣ್ಣದ ಮನೇಲಿ ಫಿಲೊಮೇನಾ ಅಂತ ಮುದುಕಿ, ಅವಳ ಸೊಸೆ ನುಂಜಿಯಾತಾ. ಮುದುಕಿಗೆ ಮೂರು ಗಂಡುಮಕ್ಕಳು, ಇಬ್ಬರನ್ನ ಸಮುದ್ರ ನುಂಗಿತ್ತಂತೆ. ಉಳಿದವನು ವೀತೊ ಒಬ್ಬನೇ, ನುಂಜಿಯಾತಾಳ ಗಂಡ.

ಒಂದಿನ ಗಂಡಸರೆಲ್ಲ ದೋಣಿ ತಗೊಂಡು ಹೋಗಿದ್ದಾಗ ಕಡಲ್ಗಳ್ಳರು ಬಂದುಬಿಟ್ರಂತೆ. ಹಡಗನ್ನ ಬಂಡೆ ಮರೆಗೆ ನಿಲ್ಲಿಸಿ, ಊರೊಳಗೆ ನುಗ್ಗಿ, ಹೆಂಗಸರನ್ನೆಲ್ಲ ಮನೆಯೊಳಗೆ ದೂಡಿ, ಹೊರಗೆ ಕಾಲಿಟ್ರೆ ಕತ್ತು ಕತ್ತರಿಸ್ತೀವಿ ಅಂದ್ರಂತೆ. ಅವರಿಗೆ ಬೇಕಾಗಿದ್ದು ಗಟ್ಟಿಮುಟ್ಟಾದ ಗಂಡಸರು, ಹಿಡ್ಕೊಂಡು ಹೋಗಿ ಸಂತೇಲಿ ದನ ಮಾರಿದಂಗೆ ಮಾರೋಕೆ. ಚರ್ಚಿನ ಗಂಟೆ ಬಾರಿಸಿದ್ರೆ ದೋಣಿಗಳು ಮನೆಗೆ ಬರ್ತವೆ ಅಂತ ಆ ಪಾಪಿಗಳಿಗೆ ಗೊತ್ತಿತ್ತು. ಕಿಟಕಿ ವಿಷಯ ಗೊತ್ತಿರಲಿಲ್ಲ.

ಮೊದಲನೇ ಗಂಟೆ ಬಾರಿಸಿದ್ರು. ದೂರದಲ್ಲಿ ದೋಣಿಗಳು ಊರ ಕಡೆ ತಿರುಗಿದ್ವು, ಎಲ್ಲಕ್ಕಿಂತ ಮುಂದಿನದು ವೀತೊಂದು. ನುಂಜಿಯಾತಾಗೆ ಥಟ್ಟನೆ ಹೊಳೀತಂತೆ, ಅತ್ತೆ, ಕಿಟಕಿ ಮುಚ್ಚೋಣ ಅಂದ್ಲು. ಮುದುಕಿ ಕೆಂಡ ಆಗ್ಬಿಟ್ಲು. ಬಿಡ್ತು ಅನ್ನೇ! ಇದೇ ಕೈಲಿ ಎರಡು ಸಲ ಮುಚ್ಚಿದೀನಿ, ಇಬ್ಬರಲ್ಲಿ ಒಬ್ಬನೂ ವಾಪಸ್ ಬರಲಿಲ್ಲ, ಅಂತ ಕಿಟಕಿಗೆ ಅಡ್ಡ ನಿಂತಳಂತೆ.

ಸೊಸೆ ಓಣಿ ಕಡೆ ಕಿಟಕಿಯಿಂದ ತಲೆ ಹಾಕಿ ನೆರೆಯವಳಿಗೆ ಪಿಸುಗುಟ್ಟಿದ್ಲು. ಅವಳು ಅಯ್ಯೋ ಅಪಶಕುನ ಅಂತ ಕಿವಿ ಮುಚ್ಕೊಂಡು, ಆಮೇಲೆ ಅರ್ಥವಾಗಿ ಆಚೆಯವಳಿಗೆ ಹೇಳಿ, ಆಚೆಯವಳು ಅದರಾಚೆಯವಳಿಗೆ ಹೇಳಿ, ಎರಡನೇ ಗಂಟೆ ಹೊತ್ತಿಗೆ ಕೆಂಪು ಮನೆ, ನೀಲಿ ಮನೆ, ಹಸಿರು ಮನೆ, ಎಲ್ಲಾ ಕಿಟಕಿ ಪಟಪಟ ಮುಚ್ಕೊಂಡ್ವಂತೆ. ಕಳ್ಳರು ನೋಡಿ, ಹೆಂಗಸರು ಹೆದರಿಬಿಟ್ರು ಅಂತ ನಕ್ಕರಂತೆ. ಆದ್ರೆ ದೋಣಿಗಳು ನಿಲ್ಲಲಿಲ್ಲ ಕಣೆ! ಮಿಕ್ಕೋರಿಗೆ ಅನುಮಾನ ಬಂದ್ರೂ ವೀತೊ, ಇಲ್ಲ ಕಣ್ರೋ, ನಮ್ಮನೇದು ತೆರೆದಿದೆ, ಬನ್ನಿ ಅಂತ ಕರ್ಕೊಂಡು ಬರ್ತಾನೇ ಇದ್ದ.

ನುಂಜಿಯಾತಾ ಅತ್ತೆ ಕೈ ಹಿಡ್ಕೊಂಡ್ಲು. ಅತ್ತೆ, ತೆರೆದಿದೆ ಅಂತಲೇ ಬರ್ತಿದಾನೆ, ಮುಚ್ಚಿದ್ರೆ ಅವನು ಸಾಯಲ್ಲ, ಮುಚ್ಚದಿದ್ರೆ ನಾವು ಅವನನ್ನ ಕಳ್ಕೋತೀವಿ ಅಂದ್ಲು. ಮೂರನೇ ಗಂಟೆ ಹೊಡೀತು. ಮುದುಕಿ ಗಳಗಳ ಅಳ್ತಾ, ಸೊಸೆ ಕೈ ಬಿಡಿಸ್ಕೊಂಡು, ತಾನೇ ಮುಚ್ಚಿದಳಂತೆ.

ಮುಚ್ಚಿದ ಮೇಲೆ ಸಮುದ್ರ ಕಾಣಲ್ಲ. ದೋಣಿ ತಿರುಗ್ತೋ ಇಲ್ವೋ ಯಾರಿಗೆ ಗೊತ್ತು? ಅತ್ತೆ ಸೊಸೆ ಕಿಟಕಿಗೆ ಕಿವಿ ಹಚ್ಚಿ ಕೂತ್ರಂತೆ. ಬಹಳ ಹೊತ್ತಾಯ್ತು. ಆಮೇಲೆ ಗುಡ್ಡದ ಕಡೆಯಿಂದ ಗದ್ದಲ, ಬೀದೀಲಿ ಓಡೋ ಸದ್ದು, ಯಾರೋ ಅರಚಿದ್ದು, ಆಮೇಲೆ ಏನೂ ಇಲ್ಲ. ಹಿತ್ತಿಲ ಬಾಗಿಲು ಧಡ್ ಧಡ್ ಅಂತು. ಹೊರಗಿಂದಲೇ ಮಾತು ಬಂತು, ಅಮ್ಮಾ, ನಾನು ಸತ್ತೋದ್ನಂತೆ, ಈಗ ಊಟ ಹಾಕ್ತೀಯೋ, ಇಲ್ಲ ತಿಥಿ ದಿನ ಬರ್ಲೋ?

ಆಗಿದ್ದೇನು ಅಂದ್ರೆ, ಎಲ್ಲ ಕಿಟಕೀನೂ ಮುಚ್ಚಿದ್ದು ನೋಡಿ ಗಂಡಸರು, ನಾವೆಲ್ಲ ಬದುಕಿದೀವಲ್ಲ, ಹಂಗಾದ್ರೆ ಬರಬೇಡಿ ಅಂತಿದಾರೆ ಅಂತ ತಿಳ್ಕೊಂಡು ದೋಣಿ ತಿರುಗಿಸಿ, ಗುಡ್ಡದಾಚೆ ದಂಡೇಲಿ ಇಳಿದು, ಪಕ್ಕದೂರೋರನ್ನೂ ಕರ್ಕೊಂಡು ಬಂದು ಕಳ್ಳರನ್ನ ಅಟ್ಟಿಬಿಟ್ಟಿದ್ರಂತೆ.

ಮುದುಕಿ ಬಾಗಿಲು ತೆಗೆದು ಮಗನ ಕೆನ್ನೆಗೆ ಫಟಾರ್ ಅಂತ ಒಂದು ಬಿಟ್ಟಳಂತೆ. ಆಮೇಲೆ ತಬ್ಕೊಂಡು ಗೋಳೋ ಅಂತ ಅತ್ತಳಂತೆ. ಅವತ್ತಿಂದ ಆ ಊರಲ್ಲಿ ಸಮುದ್ರದಿಂದ ಬಂದ ಮಗನಿಗೆ ತಾಯಿ ಮೊದಲು ಒಂದೇಟು ಕೊಡೋದು, ಆಮೇಲೆ ಊಟಕ್ಕೆ ಕರೆಯೋದಂತೆ. ಏಟು ಬಿತ್ತು ಅಂದ್ರೆ ಬದುಕಿದಾನೆ ಅಂತ. ಎಲ್ಲರೂ ಸುಖವಾಗಿದ್ರು, ಕತೇನೂ ದಡ ಸೇರ್ತು, ಮುಗೀತು. ಮಲಗು ನನ್ನ ಬಂಗಾರಿ.